‘ಊರ್’: ಧ್ವನಿಸಾಮ್ಯವೂ ನಿರುಕ್ತಿಯೂ

ತಮಿಳು, ಮಲಯಾಳಗಳ ‘ಊರ್’, ಕನ್ನಡ, ತುಳು, ತೆಲುಗುಗಳ ‘ಊರು’ ಸಜಾತೀಯ ಪದಗಳೆಂಬುದು ನಿರ್ವಿವಾದ. ನಮ್ಮ ಆಕ್ಷೇಪವಿರುವುದು ಈ ನಾಮಪದವನ್ನು ‘ನೆಲೆಯೂರು’ ಎಂಬಲ್ಲಿಯ ಕ್ರಿಯಾಪದದಿಂದ ನಿಷ್ಪನ್ನಗೊಳಿಸುವ ಜನಪ್ರಿಯ ವಿವರಣೆಗೆ. ಹೊಸಗನ್ನಡವನ್ನಷ್ಟೇ ನೋಡಿದರೆ ಅದು ಸಹಜವೆನಿಸೀತು. ಹಳಗನ್ನಡದಲ್ಲಾದರೋ ಕ್ರಿಯಾಪದವು ಶಕಟರೇಫವುಳ್ಳ ‘ಊಱು’. ನಾಮಪದವು ಸಾಮಾನ್ಯ ರೇಫದ ‘ಊರ್’. ‘ಊಱು’ವಿಗೆ ತಮಿಳಿನ ಸಂವಾದಿ ‘ಊನ್ಱು’. ‘ಮೂನ್ಱು’–‘ಮೂಱು’ ಜೋಡಿಯೂ ಇದೇ ನಿಯಮದ್ದು. ಎರಡು ರೇಫಗಳು ಒಂದಾದ ಮೇಲೆ ಹುಟ್ಟಿದ ಸಾಮ್ಯವನ್ನು ಮೂಲಕ್ಕೆ ಆರೋಪಿಸಲಾಗದು. ಅರ್ಥವೂ ಒಡಂಬಡುವುದಿಲ್ಲ: ಬೆಂಗಳೂರಿನಲ್ಲಿ ನೆಲೆಯೂರಿದವನು ‘ಊರಿಗೆ ಹೋಗುತ್ತೇನೆ’ ಎಂದರೆ ಹೊರಡುವುದು ಹುಟ್ಟೂರಿಗೆ.

ದ್ರಾವಿಡದಾಚೆ, ಸುಮೇರಿಯನ್ನಿನ ‘ಉರು’ (ನಗರ) ಪದದೊಡನೆ ಮಾಡುವ ಸಮೀಕರಣ ಇನ್ನೂ ದುರ್ಬಲ. ಒಂದು ಸ್ವರ, ಒಂದು ರೇಫದಷ್ಟು ಹೋಲಿಕೆಯಿಂದಲೇ ಬಂಧುತ್ವ ಕಲ್ಪಿಸುವುದಾದರೆ ಹೀಬ್ರೂವಿನ ‘ಈರ್’ (ನಗರ) ಪದವನ್ನೂ ಸೇರಿಸಿಕೊಳ್ಳಬೇಕಾದೀತು.