ಉಳಿಸಿದ ನೀರು ಯಾರ ಪಾಲು?

ಬೆಂಗಳೂರಿನ ಹೆಬ್ಬಾಳ, ಯಲಹಂಕದ ನಡುವಿನ ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆ ಆವರಣದಲ್ಲಿ ಕೃಷಿ ಮೇಳ ನಡೆದಾಗ ಹನಿ ನೀರಾವರಿಯ ಮಳಿಗೆಗಳಿಗೆ ಗಿರಾಕಿಗಳ ಕೊರತೆಯಿಲ್ಲ. ದೇವನಹಳ್ಳಿ, ದೊಡ್ಡಬಳ್ಳಾಪುರದ ದ್ರಾಕ್ಷಿ ತೋಟಗಳಿಗೂ ಹನಿ ಪೈಪು ಹೊಸತಲ್ಲ, ಸಹಾಯಧನವೂ ಸಿಗುತ್ತದೆ. ಆದರೂ ಈ ಸೀಮೆ ಅಂತರ್ಜಲದ ಅತಿಬಳಕೆಯ ಪಟ್ಟಿಯಲ್ಲೇ ಇದೆ. ನೀರುಳಿತಾಯದ ನಮ್ಮ ಪ್ರಚಾರ ಒಬ್ಬೊಬ್ಬ ರೈತನಿಗೆ ಬುದ್ಧಿ ಹೇಳುತ್ತದೆ. ಊರನ್ನು ಒಟ್ಟಿಗೆ ಕೂರಿಸುವ ಗೋಜಿಗೆ ಹೋಗುವುದಿಲ್ಲ. ಅದು ಸೋತಿರುವುದು ಅಲ್ಲೇ.

ತಾನು ಬಿಟ್ಟ ನೀರನ್ನು ಪಕ್ಕದ ಹೊಲದವನು ಇನ್ನೂ ಆಳಕ್ಕೆ ಕೊರೆಸಿ ಎತ್ತಿಕೊಂಡಾನು ಎಂಬ ಅಳುಕು ಬೋರ್‌ವೆಲ್ ಇರುವ ಪ್ರತಿಯೊಬ್ಬನಿಗೂ ಇದೆ. ಅದು ಸುಳ್ಳು ಭಯವೂ ಅಲ್ಲ. 10 ಎಚ್‌ಪಿವರೆಗಿನ ಪಂಪ್‌ಸೆಟ್‌ಗೆ ಕರೆಂಟು ಉಚಿತ, ಆದರೆ ಬರುವುದು ಕೆಲವೇ ಗಂಟೆ; ಬಂದಷ್ಟು ಹೊತ್ತೂ ಮೋಟರು ಓಡುತ್ತದೆ. ಹನಿಯಿಂದ ಮಿಕ್ಕಿದ ನೀರು ಇನ್ನರ್ಧ ಎಕರೆ ಬೆಳೆಗೆ ಹೋಗುತ್ತದೆ. ಮಳೆನೀರು ಹಿಡಿದಿಡಲೆಂದು 2014ರಲ್ಲಿ ಶುರುವಾದ ಕೃಷಿಭಾಗ್ಯ ಯೋಜನೆಯ ಹೊಂಡಗಳನ್ನೂ ಎಷ್ಟೋ ಕಡೆ ಮಳೆಯ ಬದಲು ಬೋರ್‌ವೆಲ್ ನೀರೇ ತುಂಬುತ್ತದೆ. ಇದನ್ನು ದುರಾಸೆ ಎಂದು ಕರೆಯುವುದು ಅನ್ಯಾಯ. ಸಾಲ ಮಾಡಿ ಕೊರೆಸಿದವನಿಗೆ, ಬತ್ತುವ ಮೊದಲು ಅಸಲಾದರೂ ಗಿಟ್ಟಬೇಕು.

ಬೋರ್‌ವೆಲ್‌ಗೆ ಮೊದಲು ಊರು ನಂಬಿದ್ದ ಕೆರೆಯ ನೀರು ಎಲ್ಲರ ಕಣ್ಣಿಗೂ ಕಾಣುತ್ತಿತ್ತು. ನೀರುಗಂಟಿ ತೂಬು ತೆಗೆದು ಸರದಿಯಂತೆ ನೀರು ಬಿಡುತ್ತಿದ್ದ. ಮಳೆ ಕೈಕೊಟ್ಟರೆ ಅಚ್ಚುಕಟ್ಟಿನಲ್ಲಿ ಎಷ್ಟು ನಾಟಿ ಮಾಡಬೇಕೆಂದು ಊರವರು ಕೂತು ತೀರ್ಮಾನಿಸುತ್ತಿದ್ದರು. ಸರದಿ ತಪ್ಪಿಸಿದವನಿಗೆ ನಾಲ್ಕು ಜನರ ಮುಂದೆ ತಲೆ ತಗ್ಗುತ್ತಿತ್ತು. ಆ ಏರ್ಪಾಡಿನೊಳಗೆ ಜಾತಿಯ ಕ್ರೌರ್ಯವೂ ಇತ್ತು, ಅದು ಹಾಗೇ ಮರಳಿ ಬರುವುದು ಬೇಡ. ಮರಳಬೇಕಾದ್ದು ಊರು ಒಟ್ಟಿಗೆ ಕೂತು ಹಾಕುವ ನೀರಿನ ಲೆಕ್ಕ ಮಾತ್ರ. ನೆರೆಯ ಆಂಧ್ರದಲ್ಲಿ ರೈತರೇ ಮಳೆ ಅಳೆದು, ಬಾವಿಗಳ ಮಟ್ಟ ಬರೆದಿಟ್ಟು, ಹಿಂಗಾರಿಗೆ ಮೊದಲು ಊರಿನ ನೀರಿನ ಲೆಕ್ಕ ಹಾಕಿದ ಪ್ರಯೋಗ ನಡೆದಿದೆ. ದಂಡವಿಲ್ಲದೆಯೂ ಹಲವರು ಕಡಿಮೆ ನೀರಿನ ಬೆಳೆಗೆ ತಿರುಗಿದರು.

ನಮ್ಮಲ್ಲಿ ಇನ್ನೊಂದು ತೊಡಕಿದೆ, ಮೇಳದ ಭಾಷಣಗಳಲ್ಲಿ ಅದರ ಸುದ್ದಿಯೇ ಬರುವುದಿಲ್ಲ. ದೇವನಹಳ್ಳಿಯ ಚನ್ನರಾಯಪಟ್ಟಣ ಹೋಬಳಿಯ 1,777 ಎಕರೆಯ ರೈತರು ಭೂಸ್ವಾಧೀನದ ವಿರುದ್ಧ ಮೂರು ವರ್ಷಕ್ಕೂ ಹೆಚ್ಚು ಕಾಲ ಹೋರಾಡಿದರು. 2025ರ ಜುಲೈನಲ್ಲಿ ಸರ್ಕಾರ ಅದನ್ನು ಕೈಬಿಟ್ಟಿತು. ಹೊಲವೇ ತನ್ನದಾಗಿ ಉಳಿದೀತೋ ಇಲ್ಲವೋ ಎಂದು ಅಷ್ಟು ವರ್ಷ ಕಾದವನಿಗೆ, ಮೊಮ್ಮಕ್ಕಳ ಕಾಲಕ್ಕೆ ನೀರು ಇಂಗಿಸಪ್ಪಾ ಎಂದು ಯಾವ ಬಾಯಿಂದ ಹೇಳುವುದು?