ಕ್ರಿಸ್ತಪುರಾಣವೂ ಪುರಾಣಲಕ್ಷಣವೂ

ಆಂಗ್ಲದೇಶೀಯರಾದ ಜೆಸುಯಿಟ್ ಪಾದ್ರಿ ತೋಮಸ್ ಸ್ಟೀಫನ್ಸರು 1579ರಲ್ಲಿ ಗೋವೆಗೆ ಬಂದು ನೆಲೆಸಿ, ಮರಾಠೀ ಓವಿಗಳಲ್ಲಿ ರಚಿಸಿದ ‘ಕ್ರಿಸ್ತಪುರಾಣ’ವು 1616ರಲ್ಲಿ ಅಚ್ಚಾಯಿತು. ಅನ್ಯಮತದ ಕಥೆಗೆ ಪುರಾಣವೆಂಬ ಹೆಸರು ಸಲ್ಲುವುದೇ ಎಂದು ಪಂಡಿತರು ಶಂಕಿಸಬಹುದು. ಪಂಚಲಕ್ಷಣಗಳಲ್ಲಿ ಸರ್ಗವೂ ವಂಶವೂ ಇದರ ಪೂರ್ವಭಾಗದಲ್ಲಿ ಸ್ಪಷ್ಟವಾಗಿವೆ, ಮನ್ವಂತರವಿಲ್ಲ. ಸ್ವರ್ಗವನ್ನು ವೈಕುಂಠವೆಂದು ಕರೆದಿರುವುದೂ ದೋಷರಹಿತವಲ್ಲ. ಆ ಶಬ್ದದೊಡನೆ ವಿಷ್ಣುಸ್ಮರಣೆಯೂ ಬರುವುದರಿಂದ ಅರ್ಥಸಾಂಕರ್ಯಕ್ಕೆ ಎಡೆಯಾಗುತ್ತದೆ.

ಆದರೆ ಪುರಾಣಕ್ಕೆ ಶ್ರವಣವೇ ಪ್ರಾಣ. ಈ ಪರೀಕ್ಷೆಯಲ್ಲಿ ಗ್ರಂಥವು ನಿಸ್ಸಂದೇಹವಾಗಿ ಗೆದ್ದಿದೆ. ಮೊದಲ ಮುದ್ರಣದ ಪ್ರತಿಗಳು ಕಾಲಕ್ರಮದಲ್ಲಿ ಕಣ್ಮರೆಯಾದವು. 1684ರಲ್ಲಿ ಪೋರ್ಚುಗೀಸ್ ಸರಕಾರವು ದೇಶಭಾಷೆಯನ್ನೇ ಅಡಗಿಸಹೊರಟಿತು. ಹಾಗಿದ್ದೂ ಓದಿ ಕೇಳಿದ ಭಕ್ತರು ಅದನ್ನು ಕೈಬರಹದಲ್ಲಿ ಉಳಿಸಿಕೊಂಡರು. ಅಂತಹ ಹಸ್ತಪ್ರತಿಗಳ ಆಧಾರದಿಂದಲೇ ಜೋಸೆಫ್ ಸಲ್ಡಾನರು 1907ರಲ್ಲಿ ಮಂಗಳೂರಿನಲ್ಲಿ ಅದನ್ನು ಪುನಃ ಪ್ರಕಟಪಡಿಸಿದರು.

ಬಿಷಪರ ನಾಮಾವಳಿಯನ್ನೂ ದೇವಾಲಯಗಳ ಸ್ಥಾಪನೆಯ ವರ್ಷಗಳನ್ನೂ ಬರೆದು ತೃಪ್ತರಾಗುವ ಕ್ರೈಸ್ತಸಭೆಯ ಚರಿತ್ರೆಕಾರರು ಇದನ್ನು ಮನಗಾಣಬೇಕು. ರಾಜಾಜ್ಞೆಯು ತಳ್ಳಿದುದನ್ನೂ ಅಚ್ಚುಕೂಟವು ಮರೆತುದನ್ನೂ ಕಾಪಾಡಿದವರು ಹೆಸರಿಲ್ಲದ ಲಿಪಿಕಾರರು. ಅವರಿಗೆ ಎಡೆಯಿಲ್ಲದ ಗ್ರಂಥವು ಕಟ್ಟಡಗಳ ಚರಿತ್ರೆಯಾದೀತೇ ಹೊರತು ಸಮುದಾಯದ ಚರಿತ್ರೆಯಾಗಲಾರದು.