ಕೋಣನಿಲ್ಲದ ದೇವಿ

ಮಹಾಬಲಿಪುರದ ಮಹಿಷಮರ್ದಿನಿ ಗುಹೆಯಲ್ಲಿ ಮಹಿಷ ಇನ್ನೂ ಸತ್ತಿಲ್ಲ. ಏಳನೆಯ ಶತಮಾನದ ಪಲ್ಲವ ಶಿಲ್ಪಿ ಕಾಳಗವನ್ನು ನಟ್ಟನಡುವೆ ಹಿಡಿದು ನಿಲ್ಲಿಸಿದ್ದಾನೆ. ಎಂಟು ಕೈಗಳ ದೇವಿ ಸಿಂಹವೇರಿ ಬಿಲ್ಲು ಹೂಡಿದ್ದಾಳೆ. ಅವಳ ಗಿಡ್ಡ ಗಣಗಳು ಕತ್ತಿ ಗುರಾಣಿ ಹಿಡಿದು ಮುನ್ನುಗ್ಗುತ್ತಿವೆ. ಎದುರಿಗೆ ಮನುಷ್ಯನ ಮೈ, ಕೋಣನ ತಲೆಯ ಅಸುರ. ಗದೆಯನ್ನು ಬಿಗಿಹಿಡಿದು ಒಂದು ಹೆಜ್ಜೆ ಹಿಂದೆ ಸರಿದಿದ್ದಾನೆ, ಬೆನ್ನು ಮಾತ್ರ ತೋರಿಸಿಲ್ಲ. ಗಾತ್ರದಲ್ಲಿ ಅವನೇ ದೊಡ್ಡವನು. ಕಿರೀಟವೂ ಇದೆ, ತಲೆಯ ಮೇಲೆ ಛತ್ರವೂ ಇದೆ. ಆ ಪಕ್ಕ ಯೌವನದ ಲವಲವಿಕೆ, ಈ ಪಕ್ಕ ಭಾರ, ಹಟ, ಮೊದಲ ಅಳುಕು. ಯಾರು ಗೆಲ್ಲುತ್ತಾರೆಂದು ನಮಗೆ ಗೊತ್ತು. ಶಿಲ್ಪದೊಳಗಿರುವವರಿಗೆ ಗೊತ್ತಿಲ್ಲ. ನನ್ನ ಲೆಕ್ಕದಲ್ಲಿ ಈ ದೇವಿಯ ಬಗ್ಗೆ ಭಾರತದ ಕಲ್ಲಿನಲ್ಲಿ ಇದಕ್ಕಿಂತ ದೊಡ್ಡ ಕೆಲಸ ಆಗಿಲ್ಲ, ಮತ್ತು ಅದಕ್ಕೆ ಕಾರಣ ದೇವಿಗಿಂತ ಹೆಚ್ಚಾಗಿ ಮಹಿಷ.

ಅದೇ ಗುಹೆಯ ಎದುರು ಗೋಡೆಯಲ್ಲಿ ವಿಷ್ಣು ಆದಿಶೇಷನ ಮೇಲೆ ನಿದ್ರಿಸುತ್ತಿದ್ದಾನೆ. ಕಾಲ ಬಳಿ ಮಧುಕೈಟಭರು ಹೊಂಚುಹಾಕಿದ್ದಾರೆ. ಶೈವ ವೈಷ್ಣವ ಸಮನ್ವಯ ಎಂದು ಅದನ್ನು ಬದಿಗಿಡುವವರಿದ್ದಾರೆ. ಆದರೆ ದೇವೀಮಾಹಾತ್ಮ್ಯದ ಮೊದಲ ಕಥೆ ಅದೇ, ಎರಡನೆಯದು ಮಹಿಷವಧೆ. ವಿಷ್ಣುವನ್ನು ಮಲಗಿಸಿರುವ ಯೋಗನಿದ್ರೆಯೂ ಅವಳೇ. ಒಂದು ಗೋಡೆಯಲ್ಲಿ ಕಾಣದೆ ಇದ್ದವಳು ಇನ್ನೊಂದರಲ್ಲಿ ಕುದಿಯುತ್ತ ಎದ್ದಿದ್ದಾಳೆ.

ಮಾರ್ಕಂಡೇಯ ಪುರಾಣದೊಳಗಿರುವ ಆ 13 ಅಧ್ಯಾಯಗಳನ್ನು ನಾವು ಪಾರಾಯಣ ಮಾಡುವಷ್ಟು ಓದುವುದಿಲ್ಲ. ಶಿವನ ತ್ರಿಶೂಲ, ವಿಷ್ಣುವಿನ ಚಕ್ರ, ಇಂದ್ರನ ವಜ್ರ, ಹಿಮವಂತನ ಸಿಂಹ ಎಲ್ಲರಿಗೂ ನೆನಪಿದೆ. ಕುಬೇರ ಕೊಟ್ಟದ್ದು ಮದ್ಯ ತುಂಬಿದ ಪಾನಪಾತ್ರೆ, ಅದನ್ನು ಮರೆತಿದ್ದೇವೆ. ಮಹಿಷ ಕೋಣನಿಂದ ಸಿಂಹವಾಗಿ, ಕತ್ತಿ ಹಿಡಿದ ಮನುಷ್ಯನಾಗಿ, ಆನೆಯಾಗಿ, ಮತ್ತೆ ಕೋಣನಾಗಿ ರೂಪ ಬದಲಿಸುವಾಗ ದೇವಿ ಮತ್ತೆ ಮತ್ತೆ ಕುಡಿದು, ಕೆಂಗಣ್ಣಾಗಿ, ನಗುತ್ತಾಳೆ. ಅದಾದ ಮೇಲೆಯೇ ಅವನ ಕೊರಳ ಮೇಲೆ ಕಾಲಿಡುವುದು. ನಮ್ಮ ಕ್ಯಾಲೆಂಡರಿನ ದೇವಿ ಕುಡಿಯುವುದಿಲ್ಲ, ಅಬ್ಬರಿಸುವುದಿಲ್ಲ. ರೇಷ್ಮೆ ಸೀರೆಯಲ್ಲಿ, ಒಂದು ಕೈಯಲ್ಲಿ ಅಭಯ ತೋರಿಸುತ್ತ, ಫೋಟೊಗೆ ಕೂತವಳಂತಿದ್ದಾಳೆ.

ಬಾದಾಮಿಯ ಮೊದಲ ಗುಹೆಯ ಪುಟ್ಟ ಶಿಲ್ಪದಲ್ಲಿ ಅವಳು ಕೋಣನ ಬಾಲ ಹಿಡಿದೆತ್ತಿ, ತಲೆ ಕೆಳಗಾದ ಪ್ರಾಣಿಗೆ ತ್ರಿಶೂಲ ಚುಚ್ಚುತ್ತಾಳೆ. ದನದ ಕೊಟ್ಟಿಗೆ ಬಲ್ಲವರೇ ಕೆತ್ತಬಹುದಾದ ಹಿಡಿತ ಅದು. ಐಹೊಳೆಯ ದುರ್ಗ ಗುಡಿಯ ಪ್ರದಕ್ಷಿಣಾಪಥದಲ್ಲಿ ಇದೇ ದೃಶ್ಯ ಇನ್ನಷ್ಟು ನಾಜೂಕಾಗಿದೆ: ಎಂಟು ಕೈ, ಬಳುಕಿದ ಮೈ, ಹಿಂದೆ ಸಿಂಹ. ಚೆಲುವಿನಲ್ಲಿ ಬಾದಾಮಿಯನ್ನು ಮೀರಿಸಿದರೂ ಅಲ್ಲಿ ಕೋಣ ಆಗಲೇ ಸೋತುಹೋಗಿದ್ದಾನೆ ಎನಿಸುತ್ತದೆ. ಬಂಗಾಳದ ಮಣ್ಣಿನ ಮೂರ್ತಿಗಳು ಹಿಡಿದದ್ದು ಕಥೆಯ ಕೊನೆಯ ಗಳಿಗೆ: ಕಡಿದ ಕೋಣನ ಕೊರಳಿನಿಂದ ಅರ್ಧ ಹೊರಬಂದ ಮನುಷ್ಯ. ಕೋಲ್ಕತ್ತದ ಕುಮಾರಟುಲಿಯ ಕುಶಲಕರ್ಮಿಗಳು ಆ ಅಸುರನ ಸ್ನಾಯು, ಮೀಸೆ, ದಿಗಿಲಿಗೆ ಇಂದಿಗೂ ಸಾಕಷ್ಟು ಶ್ರಮ ಹಾಕುತ್ತಾರೆ. ಅಷ್ಟರಮಟ್ಟಿಗೆ ಅಲ್ಲಿ ಯುದ್ಧ ಉಳಿದಿದೆ.

ನಮ್ಮಲ್ಲಿ ಉಳಿದಿದೆಯೇ? ಮೈಸೂರು ದಸರೆಯನ್ನು ಪೂಜೆಯಾಗಿ ನೋಡಿದರೆ ಈ ಪ್ರಶ್ನೆ ಏಳುತ್ತದೆ. ವಿಜಯನಗರದ ಮಹಾನವಮಿಯಿಂದ ಬಂದ ಆಚರಣೆ ಇದು. 1610ರಲ್ಲಿ ರಾಜ ಒಡೆಯರು ಶ್ರೀರಂಗಪಟ್ಟಣದಲ್ಲಿ ಮುಂದುವರಿಸಿದರು. ಹಂಪಿಯ ಮಹಾನವಮಿಯನ್ನು ಕಣ್ಣಾರೆ ಕಂಡ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಿಸ್ ಕುಸ್ತಿ, ಕುಣಿತ, ಆನೆ ಕುದುರೆಗಳ ಜೊತೆಗೆ ಕೋಣ ಕುರಿಗಳ ಬಲಿಯನ್ನೂ ಬರೆದಿಟ್ಟಿದ್ದಾನೆ. ಅಂದರೆ ಕೋಣ ಅಂದು ಹಬ್ಬದೊಳಗೆ, ರಾಜನ ಕಣ್ಣೆದುರಿಗೆ ಇದ್ದ. ಇಂದಿನ ಜಂಬೂಸವಾರಿಯಲ್ಲಿ 750 ಕಿಲೋ ತೂಕದ ಅಂಬಾರಿಯಲ್ಲಿ, ಹಿಂದೆ ಮಹಾರಾಜರು ಕೂರುತ್ತಿದ್ದ ಜಾಗದಲ್ಲಿ, ಚಾಮುಂಡೇಶ್ವರಿಯ ಉತ್ಸವಮೂರ್ತಿ ಕೂರುತ್ತದೆ. ಮುಖ್ಯಮಂತ್ರಿಗಳು ಪುಷ್ಪಾರ್ಚನೆ ಮಾಡುತ್ತಾರೆ, 21 ಕುಶಾಲತೋಪು ಹಾರುತ್ತವೆ, ರಾಷ್ಟ್ರಗೀತೆ ನುಡಿಯುತ್ತದೆ. ಅರಸನ ಜಾಗಕ್ಕೆ ದೇವಿ ಬಂದದ್ದು ಚಂದದ ಪಲ್ಲಟವೇ. ಆದರೆ ಅವಳಿಗೆ ಸಿಕ್ಕಿದ್ದು ಅರಸನ ಕೆಲಸ: ಕೂತು ಸಲಾಮು ಸ್ವೀಕರಿಸುವುದು. ಯೋಧೆ ಪ್ರಭುವಾದಳು. ಒಂದಿಷ್ಟು ರಕ್ತ ನಿಜವಾಗಿ ಚಿಮ್ಮುವುದು ಅಂದು ಅರಮನೆಯೊಳಗೆ ನಡೆಯುವ ಜಟ್ಟಿಗಳ ವಜ್ರಮುಷ್ಟಿ ಕಾಳಗದಲ್ಲಿ, ಅದೂ ಗಳಿಗೆಯೊಳಗೆ ಮುಗಿದುಹೋಗುತ್ತದೆ.

ಬಲಿ ನಿಂತದ್ದಕ್ಕೆ ನನಗೆ ಸಂಕಟವಿಲ್ಲ. 1959ರ ಪ್ರಾಣಿಬಲಿ ನಿಷೇಧ ಕಾಯ್ದೆ ಬೇಕಾಗಿಯೇ ಇತ್ತು. ತಮಾಷೆಯೆಂದರೆ ಬಲಿ ಪೂರ್ತಿ ಹೋಗಲಿಲ್ಲ, ಬೀದಿಗೆ ಬಂತು. ಆಯುಧಪೂಜೆಯ ಸಂಜೆ ಯಾವ ಊರಿನ ರಸ್ತೆಗಾದರೂ ಇಳಿದು ನೋಡಿ. ಲಾರಿ, ಆಟೊ, ಸ್ಕೂಟರು, ಲೇತ್ ಮಷೀನುಗಳ ಮುಂದೆ ಬೂದುಗುಂಬಳ ಒಡೆದಿರುತ್ತದೆ, ಒಳಗಿನ ಬಿಳಿ ತಿರುಳಿಗೆ ಕುಂಕುಮ ಕಲಸಿ ಕೆಂಪು ನೀರು ಟಾರಿನ ಮೇಲೆ ಹರಿದಿರುತ್ತದೆ. ಮೊಳೆ ಹೊಡೆದಂತೆ ಒಳಗೆ ಚಿಲ್ಲರೆ ನಾಣ್ಯ, ಅದಕ್ಕೆ ಕೈಹಾಕುವ ಹುಡುಗರು, ಹಿಂದೆಯೇ ಜಾರಿ ಬೀಳುವ ಬೈಕು. ಗಾಲಿಯ ಕೆಳಗೆ ಪಚಕ್ಕೆನ್ನುವ ನಿಂಬೆಹಣ್ಣು. ರಕ್ತದ ಬಣ್ಣ ಉಳಿದಿದೆ, ಯಾರ ರಕ್ತ ಎಂಬುದು ಬಿಟ್ಟುಹೋಗಿದೆ. ಇಷ್ಟಾದರೂ ಇಡೀ ನವರಾತ್ರಿಯಲ್ಲಿ ಶಿಲ್ಪದ ಕಾಳಗಕ್ಕೆ ತೀರ ಹತ್ತಿರ ಬರುವ ಆಚರಣೆ ಇದೇ, ಅರಮನೆಯದಲ್ಲ, ಗ್ಯಾರೇಜಿನದು.

ಮಹಿಷ ಎಲ್ಲಿದ್ದಾನೆ? ಚಾಮುಂಡಿ ಬೆಟ್ಟದ ಮೇಲೆ, ಒಂದು ಕೈಯಲ್ಲಿ ಕತ್ತಿ, ಇನ್ನೊಂದರಲ್ಲಿ ನಾಗರಹಾವು ಹಿಡಿದು, ಬಣ್ಣ ಬಳಿಸಿಕೊಂಡು ನಿಂತಿದ್ದಾನೆ. ಗುಡಿಯೊಳಗಿನ ದೇವಿಗೂ ಅವನಿಗೂ ಮುಖಾಮುಖಿ ಇಲ್ಲ. ಪ್ರವಾಸಿಗರು ಪಕ್ಕದಲ್ಲಿ ನಿಂತು ಸೆಲ್ಫಿ ತೆಗೆದುಕೊಳ್ಳುತ್ತಾರೆ. ಶಿಲ್ಪವಾಗಿ ಅದು ಸಾಧಾರಣ, ಆದರೂ ಊರಿನ ಗುರುತಾಗಿದೆ. ಹೀಗೆ ಒಂಟಿಯಾದವನಿಗೆ ಈಚಿನ ವರ್ಷಗಳಲ್ಲಿ ಬೇರೆ ವಾರಸುದಾರರು ಹುಟ್ಟಿದ್ದಾರೆ. ಮಹಿಷ ಈ ನೆಲದ ಬೌದ್ಧ ಅರಸನೆಂದು ಸಾರುವ ಮಹಿಷ ದಸರೆ ಮೈಸೂರಿನಲ್ಲಿ ಶುರುವಾಗಿ ವಿವಾದಕ್ಕೂ ಸಿಕ್ಕಿತು. ಅಶೋಕನ ಕಾಲದಲ್ಲಿ ಮಹಾದೇವನೆಂಬ ಥೇರನನ್ನು ಮಹಿಷಮಂಡಲಕ್ಕೆ ಕಳಿಸಿದ ಸಂಗತಿ ಮಹಾವಂಶದಲ್ಲಿದೆ. ಆ ನಾಡು ಮೈಸೂರು ಸೀಮೆಯೋ ನರ್ಮದೆಯ ದಡವೋ ಎಂಬ ಚರ್ಚೆ ಹಳೆಯದು, ಮತ್ತು ನಾಡಿನ ಹೆಸರಿನಿಂದ ಅರಸನನ್ನು ಕಟ್ಟುವುದು ಇತಿಹಾಸದ ದೃಷ್ಟಿಯಿಂದ ದುರ್ಬಲ ವಾದ. ಆದರೂ ಅದನ್ನು ಬರೀ ಕಿಡಿಗೇಡಿತನವೆಂದು ತಳ್ಳಿಹಾಕುವವರು ಮಹಾಬಲಿಪುರದ ಶಿಲ್ಪಿಗಿಂತ ಕಡಿಮೆ ಉದಾರಿಗಳು. ಅವನು ಕೊಟ್ಟ ಛತ್ರವನ್ನು ಇವರು ಕಿತ್ತುಕೊಂಡರು, ಅಷ್ಟೆ.

ಟಿವಿಯ ಪ್ರವಚನಕಾರರ ಉತ್ತರ ಸಿದ್ಧವಿದೆ: ಮಹಿಷನೆಂದರೆ ತಮೋಗುಣ, ಅಹಂಕಾರ, ನಮ್ಮೊಳಗಿನ ಪಶು. ಕೇಳಲು ಹಿತ, ಯಾರಿಗೂ ನೋವಿಲ್ಲ. ಇಂಥ ಸಂಕೇತಾರ್ಥಕ್ಕೆ ನನ್ನ ತಕರಾರು ಇರುವುದು ಇಲ್ಲೇ. ಮಲೆನಾಡು, ಬಯಲುಸೀಮೆಯ ಮಾರಿಯ ಕಥೆಯಲ್ಲಿ ಕೋಣ ಯಾವ ಗುಣವೂ ಅಲ್ಲ, ಒಬ್ಬ ಗಂಡ. ಜಾತಿ ಮುಚ್ಚಿಟ್ಟು ಬ್ರಾಹ್ಮಣರ ಹುಡುಗಿಯನ್ನು ಮದುವೆಯಾದ ಹೊಲೆಯರ ಹುಡುಗ. ನಿಜ ತಿಳಿದು ಮಾರಿಯಾದ ಹೆಂಡತಿಯಿಂದ ತಪ್ಪಿಸಿಕೊಳ್ಳಲು ಕೋಣನ ಮೈಯಲ್ಲಿ ಅಡಗಿದವನು. ಶತಮಾನಗಳ ಕಾಲ ಅವನನ್ನು ಕಡಿಯುವ, ತಲೆ ಹೊರುವ ಕೆಲಸವನ್ನು ಅವನದೇ ಕೇರಿಯವರಿಗೆ ಹಚ್ಚಲಾಯಿತು. ಅದೇ ಜಾತ್ರೆಯಲ್ಲಿ ಅಸಾದಿಗಳು ದೇವಿಯನ್ನು ಬಾಯಿಗೆ ಬಂದಂತೆ ಬೈದು ಹಾಡುವ ಹಕ್ಕನ್ನೂ ಉಳಿಸಿಕೊಂಡಿದ್ದಾರೆ. ಈ ಕಥೆ ಕ್ರೂರ, ಜಾತಿಯ ವಿಷ ಕುಡಿದದ್ದು. ಆದರೆ ಯಾರು ಯಾರನ್ನು ಕೊಂದರು ಎಂದು ಹೇಳುತ್ತದೆ.

ಶಿರಸಿಯಲ್ಲಿ 1934ರಲ್ಲಿ ಗಾಂಧಿ ಬಂದುಹೋದ ಕಾಲದ ಸುಧಾರಣೆಯಲ್ಲಿ ಕೋಣನ ಬಲಿ ನಿಂತಿತು. ಎರಡು ವರ್ಷಕ್ಕೊಮ್ಮೆಯ ಮಾರಿಕಾಂಬೆಯ ಜಾತ್ರೆ ಮಾತ್ರ ಇಂದಿಗೂ ಮದುವೆಯಿಂದ ಶುರುವಾಗಿ ಚಪ್ಪರಕ್ಕೆ ಬೆಂಕಿ ಇಡುವುದರಿಂದ ಮುಗಿಯುತ್ತದೆ. ಅಂದರೆ ಹಿಂಸೆಯನ್ನು ಬಿಟ್ಟೂ ಕಥೆಯ ಉರಿಯನ್ನು ಇಟ್ಟುಕೊಳ್ಳಲು ಬರುತ್ತದೆ ಎಂದಾಯಿತು. ಮೈಸೂರಿನ ಮೆರವಣಿಗೆಯಲ್ಲಿ ಪ್ರತಿ ಜಿಲ್ಲೆಗೂ ಇಲಾಖೆಗೂ ಸ್ತಬ್ಧಚಿತ್ರವಿದೆ, ನೀರಾವರಿಯಿಂದ ಲಸಿಕೆಯವರೆಗೆ ಎಲ್ಲಕ್ಕೂ ಜಾಗವಿದೆ. ದೇವಿ ಯಾರೊಡನೆ ಕಾದಿದಳೋ ಅವನಿಗೆ ಆ ಸಾಲಿನಲ್ಲಿ ಒಂದು ಗಾಡಿ ಕೊಟ್ಟರೂ ಅಂಬಾರಿಯಲ್ಲಿ ಕೂತವಳು ಯೋಧೆ ಎಂಬುದು ನೋಡುವವರಿಗೆ ತಿಳಿದೀತು.